ಮೂಕಿಚಿತ್ರಗಳ ಮುಂದಾಳು ರಘುಪತಿ ವೆಂಕಯ್ಯ

ನಮ್ಮ ಹೈದರಾಬಾದು ನಗರದಲ್ಲಿ ಚಲಚ್ಚಿತ್ರಗಳ ಸನ್ಮಾನ ಸಮಾರಂಭವೆಂದರೆ ಬಹುಕಾಲ ನಂದಿ ಪ್ರಶಸ್ತಿ ಪ್ರದಾನವೆಂದೇ ಅರ್ಥವಾಗಿತ್ತು. ಆಂಧ್ರಪ್ರದೇಶ ಸರ್ಕಾರವು 1964ರಲ್ಲಿ ಆರಂಭಿಸಿದ ಈ ಪ್ರಶಸ್ತಿಗಳು ಮುಂದೆ ನಾಟಕಕ್ಕೂ ಟೆಲಿವಿಷನ್ ಕಾರ್ಯಕ್ರಮಗಳಿಗೂ ವಿಸ್ತರಿಸಿದವು. ಲೇಪಾಕ್ಷಿಯ ಏಕಶಿಲಾ ನಂದಿಯೇ ಅವುಗಳ ಲಾಂಛನ. ಆ ಲೇಪಾಕ್ಷಿಯು ಕನ್ನಡ ನಾಡಿನ ಗಡಿಗೆ ಅಂಟಿಕೊಂಡ ಊರೆಂಬುದನ್ನೂ, ಅಲ್ಲಿಯ ದೇವಾಲಯದಲ್ಲಿ ಕನ್ನಡ ಶಾಸನಗಳಿರುವುದನ್ನೂ ವಿದ್ಯಾರ್ಥಿಗಳು ತಿಳಿದಿರಬೇಕು. ಚಿತ್ರರಂಗಕ್ಕಾಗಿ ಬಾಳು ಸವೆಸಿದ ಹಿರಿಯರಿಗೆ ಈ ಸಮಾರಂಭದಲ್ಲಿ ಸಲ್ಲುತ್ತಿದ್ದುದು ರಘುಪತಿ ವೆಂಕಯ್ಯ ಪ್ರಶಸ್ತಿ. ಪಡೆದವರ ಭಾವಚಿತ್ರಗಳು ಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದವು. ಆ ವೆಂಕಯ್ಯನವರು ಯಾರೆಂದು ಕೇಳುತ್ತಿದ್ದವರು ವಿರಳ.

ವೆಂಕಯ್ಯನವರು 1869ನೆಯ ಇಸವಿ ಅಕ್ಟೋಬರ್ 15ರಂದು ಮಚಲೀಪಟ್ಟಣದಲ್ಲಿ ಜನಿಸಿದರು. ಮದರಾಸಿಗೆ ಹೋಗಿ ಛಾಯಾಗ್ರಾಹಕರಾಗಿ ಹೆಸರು ಗಳಿಸಿ, ಮೌಂಟ್ ರೋಡಿನಲ್ಲಿ ಸ್ವಂತ ಸ್ಟುಡಿಯೋ ನಡೆಸುತ್ತಿದ್ದರು. ಅಷ್ಟರಲ್ಲಿಯೇ ತೃಪ್ತರಾಗಿದ್ದರೆ ಸುಖವಾಗಿ ಬಾಳಬಹುದಾಗಿತ್ತು.

1909ರ ಸುಮಾರಿಗೆ ಕ್ರೋನೋಮೆಗಾಫೋನ್ ಎಂಬ ವಿದೇಶೀ ಯಂತ್ರವು ಅವರ ಕಣ್ಣಿಗೆ ಬಿದ್ದಿತು. ಪರದೆಯ ಮೇಲೆ ಚಿತ್ರವು ಚಲಿಸುತ್ತಿದ್ದಂತೆ ಪಕ್ಕದ ಗ್ರಾಮಫೋನಿನ ತಟ್ಟೆಯಿಂದ ಧ್ವನಿ ಹೊರಡುತ್ತಿತ್ತು. ಎರಡರ ವೇಗದಲ್ಲಿ ತುಸು ವ್ಯತ್ಯಾಸವಾದರೂ ತುಟಿಯೊಂದು, ಮಾತೊಂದು ಆಗುವ ಭಯ! ಅದರ ಬೆಲೆ 30,000 ರೂಪಾಯಿ. ಹಳ್ಳಿಯ ಉಪಾಧ್ಯಾಯರ ತಿಂಗಳ ಸಂಬಳ ಎರಡಂಕಿಯನ್ನು ದಾಟದಿದ್ದ ಕಾಲವದು. ವೆಂಕಯ್ಯನವರು ತಮ್ಮ ಅನ್ನದ ಮೂಲವಾದ ಸ್ಟುಡಿಯೋವನ್ನೇ ಒತ್ತೆಯಿಟ್ಟು ಯಂತ್ರವನ್ನು ಕೊಂಡರು. ಇದನ್ನು ಸಾಹಸವೆನ್ನಬೇಕೋ ದುಡುಕೆನ್ನಬೇಕೋ ಆಗ ಯಾರೂ ಹೇಳಲಾಗುತ್ತಿರಲಿಲ್ಲ.

ವಿಕ್ಟೋರಿಯಾ ಪಬ್ಲಿಕ್ ಹಾಲಿನಲ್ಲಿಯೂ ಡೇರೆಗಳಲ್ಲಿಯೂ ಚಿತ್ರಗಳನ್ನು ತೋರಿಸಿದರು. ಯಂತ್ರವನ್ನು ಹೊತ್ತು ಬೆಂಗಳೂರಿಗೆ ಬಂದರು. ಸಮುದ್ರ ದಾಟಿ ಸಿಂಹಳಕ್ಕೂ ರಂಗೂನಿಗೂ ಹೋದರು. ಕೈಯಲ್ಲಿ ಹಣ ಕೂಡಿದಾಗ ಮದರಾಸಿನಲ್ಲಿ ಗೇಯಿಟಿ ಚಿತ್ರಮಂದಿರವನ್ನು ಕಟ್ಟಿಸಿದರು. ಆ ನಗರದಲ್ಲಿ ಭಾರತೀಯರೊಬ್ಬರು ಕಟ್ಟಿಸಿದ ಮೊದಲ ಚಿತ್ರಮಂದಿರವೆಂದು ಅದು ಪ್ರಸಿದ್ಧ. ಕ್ರೌನ್, ಗ್ಲೋಬ್ ಎಂಬ ಚಿತ್ರಮಂದಿರಗಳು ತರುವಾಯ ಬಂದವು.

ಅನ್ಯರ ಚಿತ್ರಗಳನ್ನು ತೋರಿಸುವುದರಿಂದ ಅವರ ಮನಸ್ಸು ತಣಿಯಲಿಲ್ಲ. ಮಗ ಪ್ರಕಾಶರನ್ನು ಚಿತ್ರ ತಯಾರಿಕೆಯ ವಿದ್ಯೆ ಕಲಿಯಲೆಂದು ವಿದೇಶಕ್ಕೆ ಕಳುಹಿಸಿದರು. ಮಗನು ಹಿಂದಿರುಗಿದ ಮೇಲೆ ಸ್ಟಾರ್ ಆಫ್ ದಿ ಈಸ್ಟ್ ಎಂಬ ಸಂಸ್ಥೆ ಹುಟ್ಟಿತು. ಸೂರ್ಯನ ಬೆಳಕಿನಲ್ಲಿಯೇ ಚಿತ್ರ ತೆಗೆಯಬೇಕಾಗಿದ್ದುದರಿಂದ ಅವರ ಸ್ಟುಡಿಯೋ ಗಾಜಿನದಾಗಿತ್ತು. 1921ರಲ್ಲಿ ಭೀಷ್ಮಪ್ರತಿಜ್ಞೆ ಎಂಬ ಮೂಕಿಚಿತ್ರ ಸಿದ್ಧವಾಯಿತು. ಮದರಾಸಿನಲ್ಲಿ ಇದಕ್ಕೂ ಮುಂಚೆ ನಟರಾಜ ಮೊದಲಿಯಾರರು ಕೀಚಕವಧೆಯನ್ನು ತಯಾರಿಸಿದ್ದರು. ಆ ಗೌರವ ಅವರಿಗೇ ಸಲ್ಲಬೇಕು. ಮಾತೇ ಇಲ್ಲದ ಚಿತ್ರಕ್ಕೆ ಭಾಷೆ ಯಾವುದು? ಆದರೂ ತೆಲುಗರು ವೆಂಕಯ್ಯನವರನ್ನು ತಮ್ಮ ಚಿತ್ರರಂಗದ ಪಿತಾಮಹರೆಂದು ಕರೆಯುತ್ತಾರೆ.

ಸಾಹಸದ ಬೆಲೆ ಕಡೆಗೂ ತೆರಬೇಕಾಯಿತು. ಚಿತ್ರ ತಯಾರಿಕೆಯಲ್ಲಿ ನಷ್ಟ ಬೆಳೆಯಿತು, ಆಸ್ತಿ ಕರಗಿತು. 1931ರಲ್ಲಿ ವಾಕ್ಚಿತ್ರಗಳು ಬಂದು ಮೂಕಿಯ ಯುಗವೇ ಮುಗಿಯಿತು. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ಸತಿ ಸುಲೋಚನವನ್ನು ನಿರ್ದೇಶಿಸಿದ ವೈ. ವಿ. ರಾಯರು ಮದರಾಸಿನ ಮೂಕಿಚಿತ್ರಗಳಲ್ಲಿ ಪಳಗಿದವರು. ಆದ್ದರಿಂದ ಆ ಗಾಜಿನ ಮನೆಯ ಕಥೆ ನಮಗೂ ತೀರ ಹೊರಗಿನದಲ್ಲ. ಆಸ್ತಿಯನ್ನು ಕಳೆದುಕೊಂಡಿದ್ದ ವೆಂಕಯ್ಯನವರು 1941ರ ಮಾರ್ಚ್ 15ರಂದು ಕಾಲವಾದರು.

ಅವರ ಹೆಸರಿನ ಪ್ರಶಸ್ತಿಯು ಸ್ಥಾಪನೆಯಾದದ್ದು 1980ರಲ್ಲಿ, ಅಂದರೆ 39 ವರುಷಗಳ ಮೇಲೆ. ಮೊದಲು ಪಡೆದವರು ಎಲ್. ವಿ. ಪ್ರಸಾದರು. 2014ರಲ್ಲಿ ರಾಜ್ಯ ವಿಭಜನೆಯಾದ ಬಳಿಕ ನಂದಿ ಪ್ರಶಸ್ತಿಗಳ ಕ್ರಮ ಕಡಿದುಹೋಯಿತು. ತೆಲಂಗಾಣ ಸರ್ಕಾರವು ಗದ್ದರ್ ಹೆಸರಿನಲ್ಲಿ ಹೊಸ ಪ್ರಶಸ್ತಿಗಳನ್ನು ಆರಂಭಿಸಿ, 2025ರ ಜೂನಿನಲ್ಲಿ ಈ ನಗರದಲ್ಲಿಯೇ ಪ್ರದಾನ ಮಾಡಿತು. ಅವುಗಳಲ್ಲಿ ವೆಂಕಯ್ಯನವರ ಹೆಸರನ್ನು ಉಳಿಸಿಕೊಂಡಿತು. ಆ ಪ್ರಶಸ್ತಿ ಸಂದದ್ದು ಯಂಡಮೂರಿ ವೀರೇಂದ್ರನಾಥರಿಗೆ. ಇವರ ಕಾದಂಬರಿಗಳನ್ನು ನಿಮ್ಮ ಮನೆಯ ಹಿರಿಯರು ಕನ್ನಡದಲ್ಲಿ ಓದಿರಬಹುದು.