ಡಾ. ರಾಜೇಶ್ವರಿ ಚಟರ್ಜಿ (1922–2010): ಜೀವನ ಪರಿಚಯ

ಇಂಜಿನಿಯರಿಂಗ್ ಕ್ಷೇತ್ರದಲ್ಲಿ ಮಹಿಳೆಯರು ತೀರಾ ವಿರಳವಾಗಿದ್ದ ಕಾಲದಲ್ಲಿ, ಗಣಿತದ ಪದವೀಧರೆಯಾಗಿದ್ದು ಎಲೆಕ್ಟ್ರಾನಿಕ್ಸ್ ವಿಷಯಕ್ಕೆ ಬಂದು, ಮೈಕ್ರೋವೇವ್ ತಂತ್ರಜ್ಞಾನದ ಬೋಧನೆ ಹಾಗೂ ಸಂಶೋಧನೆಗೆ ಬೆಂಗಳೂರಿನಲ್ಲಿ ಭದ್ರ ಬುನಾದಿ ಹಾಕಿದವರು ಡಾ. ರಾಜೇಶ್ವರಿ ಚಟರ್ಜಿಯವರು. ಇವರನ್ನು ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಎಂದು ಗುರುತಿಸಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಇವರು 1922ರ ಜನವರಿ 24ರಂದು ಜನಿಸಿದರು. ಅಜ್ಜಿ ಕಮಲಮ್ಮ ದಾಸಪ್ಪನವರು ಅಂದಿನ ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರಾಗಿದ್ದು, ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ದುಡಿದವರು. ರಾಜೇಶ್ವರಿಯವರು ಬೆಂಗಳೂರಿನ ಮಹಿಳಾ ಸೇವಾ ಸಮಾಜದ ಶಾಲೆಯಲ್ಲಿ ಓದಿ, ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ವಿಷಯದಲ್ಲಿ ಬಿ.ಎಸ್‌ಸಿ. (ಆನರ್ಸ್) ಮತ್ತು ಎಂ.ಎಸ್‌ಸಿ. ಪದವಿಗಳನ್ನು ಪಡೆದರು. ಎರಡು ಪರೀಕ್ಷೆಗಳಲ್ಲಿಯೂ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಪ್ರಥಮ ಸ್ಥಾನ ಗಳಿಸಿದರು.

ಗಣಿತದಿಂದ ಎಲೆಕ್ಟ್ರಾನಿಕ್ಸ್‌ಗೆ

1943ರಲ್ಲಿ ಇವರು ಯಶವಂತಪುರದ ಸಮೀಪದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ತಂತ್ರಜ್ಞಾನ ವಿಭಾಗವನ್ನು ಸೇರಿ, ಸಂಪರ್ಕ ವಿಷಯದಲ್ಲಿ ಸಂಶೋಧನಾ ವಿದ್ಯಾರ್ಥಿನಿಯಾದರು. ಬೆಂಗಳೂರಿನ ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುತ್ತಾ ಬಂದಿರುವ ಸಂಸ್ಥೆ ಇದೇ ಆಗಿದೆ. ಅದುವರೆಗೆ ಅವರ ವ್ಯಾಸಂಗವು ಗಣಿತಕ್ಕೆ ಸೇರಿದ್ದಾಗಿತ್ತು. ಇನ್ನು ಮುಂದೆ ಉಪಕರಣಗಳ ಅರಿವನ್ನೂ ಗಳಿಸಬೇಕಾಗಿತ್ತು.

ಎರಡನೆಯ ಮಹಾಯುದ್ಧದ ನಂತರ ಭಾರತ ಸರ್ಕಾರವು ಪ್ರತಿಭಾವಂತ ವಿದ್ಯಾರ್ಥಿಗಳಿಗೆ ನೀಡಿದ ವಿದ್ಯಾರ್ಥಿವೇತನಕ್ಕೆ ಆಯ್ಕೆಯಾಗಿ, 1947ರಲ್ಲಿ ಹಡಗಿನಲ್ಲಿ ಅಮೆರಿಕಕ್ಕೆ ತೆರಳಿ ಮಿಷಿಗನ್ ವಿಶ್ವವಿದ್ಯಾನಿಲಯವನ್ನು ಸೇರಿದರು. ವಿದ್ಯುತ್ ಇಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿ ಪಡೆದ ಬಳಿಕ, ವಾಷಿಂಗ್‌ಟನ್‌ನ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ಎಂಟು ತಿಂಗಳು ರೇಡಿಯೋ ಆವರ್ತನಗಳ ಅಳತೆಯ ಪ್ರಾಯೋಗಿಕ ತರಬೇತಿ ಹೊಂದಿದರು. ತದನಂತರ ಬಾರ್ಬರ್ ವಿದ್ಯಾರ್ಥಿವೇತನದ ನೆರವಿನಿಂದ ಅದೇ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮುಂದುವರಿಸಿ, 1953ರಲ್ಲಿ ಪ್ರೊ. ವಿಲಿಯಂ ಡೌ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದರು.

ಪ್ರಯೋಗಾಲಯ ಮತ್ತು ಬೋಧನೆ

1953ರಲ್ಲಿ ಸ್ವದೇಶಕ್ಕೆ ಮರಳಿ, ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ಸಂಪರ್ಕ ಇಂಜಿನಿಯರಿಂಗ್ ವಿಭಾಗದಲ್ಲಿ ಬೋಧಕರಾಗಿ ಸೇರಿದರು. ಅದೇ ವಿಭಾಗದ ಶಿಶಿರ್ ಕುಮಾರ್ ಚಟರ್ಜಿಯವರನ್ನು ವಿವಾಹವಾದರು. ದಂಪತಿಗಳು ಕೂಡಿ ಮೈಕ್ರೋವೇವ್ ಇಂಜಿನಿಯರಿಂಗ್ ಸಂಶೋಧನಾ ಪ್ರಯೋಗಾಲಯವನ್ನು ಕಟ್ಟಿದರು. ಇದು ಈ ವಿಷಯದಲ್ಲಿ ದೇಶದ ಮೊದಮೊದಲ ಪ್ರಯೋಗಾಲಯಗಳಲ್ಲಿ ಒಂದಾಗಿದೆ.

ಮೈಕ್ರೋವೇವ್ ತರಂಗಗಳ ಉದ್ದ ಸಾಮಾನ್ಯವಾಗಿ ಕೆಲವೇ ಸೆಂಟಿಮೀಟರ್‌ಗಳಷ್ಟಿರುತ್ತದೆ. ಅವುಗಳನ್ನು ಸಾಗಿಸುವ ಟೊಳ್ಳು ಲೋಹದ ಕೊಳವೆಯ ಒಳ ಅಳತೆಯಲ್ಲಿ ಅಲ್ಪ ವ್ಯತ್ಯಾಸವಾದರೂ ಫಲಿತಾಂಶ ಬದಲಾಗುತ್ತದೆ. ಆದುದರಿಂದ ಈ ವಿಷಯದಲ್ಲಿ ಸಮೀಕರಣ ಬಿಡಿಸುವ ಗಣಿತ, ನಿಖರವಾಗಿ ಅಳೆಯುವ ಅಭ್ಯಾಸ ಹಾಗೂ ಬಿಡಿಭಾಗಗಳನ್ನು ತಯಾರಿಸುವ ಕಾರ್ಯಾಗಾರದ ತಿಳಿವಳಿಕೆ, ಈ ಮೂರೂ ಒಟ್ಟಿಗೆ ಬೇಕಾಗುತ್ತವೆ. ಸೆಂಟ್ರಲ್ ಕಾಲೇಜಿನ ಗಣಿತವೂ ವಾಷಿಂಗ್‌ಟನ್ನಿನ ಅಳತೆಯ ತರಬೇತಿಯೂ ಚಟರ್ಜಿಯವರಿಗೆ ಇಲ್ಲಿ ಒಟ್ಟಾಗಿ ಒದಗಿ ಬಂದವು. ರೇಡಾರ್ ಹಾಗೂ ಉಪಗ್ರಹ ಸಂಪರ್ಕಗಳು ಇದೇ ತಂತ್ರಜ್ಞಾನವನ್ನು ಆಧರಿಸಿವೆ.

ವಿದ್ಯುತ್ಕಾಂತೀಯ ಸಿದ್ಧಾಂತ, ಎಲೆಕ್ಟ್ರಾನ್ ಕೊಳವೆ ಮಂಡಲಗಳು, ಮೈಕ್ರೋವೇವ್ ತಂತ್ರಜ್ಞಾನ ಮುಂತಾದ ವಿಷಯಗಳನ್ನು ಇವರು ಬೋಧಿಸಿದರು. 20 ಮಂದಿ ವಿದ್ಯಾರ್ಥಿಗಳ ಡಾಕ್ಟರೇಟ್ ಸಂಶೋಧನೆಗೆ ಮಾರ್ಗದರ್ಶನ ನೀಡಿದರು. ಮುಂದೆ ವಿಭಾಗದ ಮುಖ್ಯಸ್ಥರೂ ಆದರು.

ಗ್ರಂಥಗಳು ಮತ್ತು ಗೌರವಗಳು

ಇವರು 100ಕ್ಕೂ ಹೆಚ್ಚು ಸಂಶೋಧನಾ ಪ್ರಬಂಧಗಳನ್ನು ಪ್ರಕಟಿಸಿದ್ದು, ಮೈಕ್ರೋವೇವ್ ಮತ್ತು ಆಂಟೆನಾ ವಿಷಯಗಳ ಕುರಿತು ಪಠ್ಯಗ್ರಂಥಗಳನ್ನು ರಚಿಸಿದ್ದಾರೆ. ಬ್ರಿಟನ್ನಿನ ಮೌಂಟ್‌ಬ್ಯಾಟನ್ ಬಹುಮಾನ, ಜೆ.ಸಿ. ಬೋಸ್ ಸ್ಮಾರಕ ಬಹುಮಾನ ಹಾಗೂ ರಾಮಲಾಲ್ ವಾಧ್ವಾ ಪ್ರಶಸ್ತಿಗಳು ಇವರಿಗೆ ಸಂದಿವೆ.

ನಿವೃತ್ತಿಯ ನಂತರ

1982ರಲ್ಲಿ ನಿವೃತ್ತರಾದ ಮೇಲೆ ಸಮಾಜಸೇವೆಯಲ್ಲಿ ತೊಡಗಿ, ಭಾರತೀಯ ಮಹಿಳಾ ಅಧ್ಯಯನ ಸಂಘದ ಕಾರ್ಯಗಳಲ್ಲಿ ಪಾಲ್ಗೊಂಡರು. ತಮ್ಮ ಆತ್ಮಕಥೆಯನ್ನೂ ಬರೆದರು. 2010ರ ಸೆಪ್ಟೆಂಬರ್ 3ರಂದು ನಿಧನರಾದರು.

ತಾಂತ್ರಿಕ ಶಿಕ್ಷಣ, ತರಬೇತಿ ಅಥವಾ ವಿದ್ಯಾರ್ಥಿವೇತನಕ್ಕಾಗಿ ಅರ್ಜಿ ಸಲ್ಲಿಸುವ ವಿದ್ಯಾರ್ಥಿಗಳು, ವಿಶೇಷವಾಗಿ ವಿದ್ಯಾರ್ಥಿನಿಯರು, ಇವರ ಜೀವನದಿಂದ ಒಂದು ಅಂಶವನ್ನು ಗಮನಿಸಬಹುದಾಗಿದೆ. ಮೊದಲು ಓದಿದ ವಿಷಯವು ಮುಂದಿನ ದಾರಿಗೆ ಅಡ್ಡಿಯಾಗಬೇಕಿಲ್ಲ. ಅದರ ಮೇಲೆ ಒಂದೊಂದಾಗಿ ಕಲಿತ ಹೊಸ ಕೌಶಲಗಳೇ ಪರಿಣತಿಯಾಗಿ ರೂಪುಗೊಳ್ಳುತ್ತವೆ.