ಮ್ಯಾಕ್‌ಫರ್ಸನ್: ಗ್ಯಾರೇಜುಗಳಲ್ಲಿ ಉಳಿದ ಹೆಸರು

ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಕಾರು ಎಡಕ್ಕೆ ತಿರುಗಿದಾಗ ಅದರ ಮೈ ಬಲಕ್ಕೆ ವಾಲುವುದನ್ನು ನೀವೆಲ್ಲ ಅನುಭವಿಸಿದ್ದೀರಿ. ಈ ವಾಲುವಿಕೆ ಮಿತಿ ಮೀರಿದರೆ ಚಾಲಕನ ಹಿಡಿತ ತಪ್ಪುತ್ತದೆ. ಚಕ್ರಕ್ಕೂ ಕಾರಿನ ಮೈಗೂ ನಡುವೆ ಇರುವ ಸಸ್ಪೆನ್ಷನ್‌ಗೆ ಸರಳ ರೂಪ ಕೊಟ್ಟವರು ಅರ್ಲ್ ಮ್ಯಾಕ್‌ಫರ್ಸನ್. ನಮ್ಮ ಊರಿನ ಗ್ಯಾರೇಜುಗಳಲ್ಲಿ ದಿನವೂ ಬಿಚ್ಚಿ ಜೋಡಿಸುವ ಸ್ಟ್ರಟ್ ಅವರ ಕೊಡುಗೆ.

ಮ್ಯಾಕ್‌ಫರ್ಸನ್ ಅವರು 1891ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಜನಿಸಿದರು. 1915ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಿಂದ ಪದವಿ ಪಡೆದರು. ಹಲವು ಕಂಪನಿಗಳಲ್ಲಿ ದುಡಿದು, 1934ರಲ್ಲಿ ಜನರಲ್ ಮೋಟಾರ್ಸ್ ಸೇರಿದರು. 1945ರಲ್ಲಿ ಷೆವರ್ಲೆ ಕೆಡೆಟ್ ಎಂಬ ಅಗ್ಗದ ಚಿಕ್ಕ ಕಾರಿನ ಹೊಣೆ ಅವರ ಹೆಗಲಿಗೆ ಬಂತು. ಬೆಲೆ ಸಾವಿರ ಡಾಲರ್ ಮೀರಬಾರದೆಂಬುದು ಗುರಿ. ಆದ್ದರಿಂದ ಬಿಡಿಭಾಗಗಳನ್ನು ಕಡಿಮೆ ಮಾಡಲೇಬೇಕಿತ್ತು. ಅವರು ಸಸ್ಪೆನ್ಷನ್‌ನ ಮೇಲಿನ ತೋಳನ್ನೇ ತೆಗೆದುಹಾಕಿ, ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಕೂಡಿದ ಒಂದೇ ಕಂಬವನ್ನು ನಿಲ್ಲಿಸಿದರು. ಅದರ ಕೆಳಗೆ ಚಕ್ರವನ್ನು ಹಿಡಿಯಲು ಲೋವರ್ ಆರ್ಮ್ ಉಳಿಯಿತು.

ಆದರೆ 1947ರಲ್ಲಿ ಕಂಪನಿ ಆ ಯೋಜನೆಯನ್ನೇ ಕೈಬಿಟ್ಟಿತು. ವರ್ಷಗಳ ಶ್ರಮ ಮೂಲೆಗೆ ಬಿದ್ದಾಗ ಅವರಿಗೆ ಸುಮಾರು 56 ವರ್ಷ. ಅವರು ಎದೆಗುಂದದೆ ಅದೇ ವರ್ಷ ಫೋರ್ಡ್ ಕಂಪನಿಗೆ ಹೋದರು. 1950ರಲ್ಲಿ ಇಂಗ್ಲೆಂಡಿನಲ್ಲಿ ಪ್ರದರ್ಶನಗೊಂಡ ಫೋರ್ಡ್ ಕಾನ್ಸಲ್ ಮತ್ತು ಜೆಫಿರ್ ಕಾರುಗಳಲ್ಲಿ ಅವರ ಸ್ಟ್ರಟ್ ಇತ್ತು. ಮುಂದೆ ಫೋರ್ಡ್‌ನ ಮುಖ್ಯ ಎಂಜಿನಿಯರ್ ಆಗಿ 1958ರಲ್ಲಿ ನಿವೃತ್ತರಾದರು. 1960ರಲ್ಲಿ ನಿಧನರಾದರು. 1983ರಲ್ಲಿ ನಮ್ಮ ದೇಶದ ರಸ್ತೆಗಿಳಿದ ಮಾರುತಿ 800ರ ಮುಂದಿನ ಚಕ್ರಗಳಿಗೂ ಇದೇ ಸ್ಟ್ರಟ್ ಬಂತು.

ಈಗ ವಾಲುವಿಕೆಯ ವಿಷಯಕ್ಕೆ ಬರೋಣ. ತಿರುವಿನಲ್ಲಿ ಕಾರಿನ ಮೈ ಒಂದು ಕಾಲ್ಪನಿಕ ಬಿಂದುವಿನ ಸುತ್ತ ವಾಲುತ್ತದೆ. ಇದನ್ನು ರೋಲ್ ಸೆಂಟರ್ ಎನ್ನುತ್ತಾರೆ. ಕಾರಿನ ಗುರುತ್ವ ಕೇಂದ್ರ ಸಾಮಾನ್ಯವಾಗಿ ಇದಕ್ಕಿಂತ ಮೇಲಿರುತ್ತದೆ. ಇವೆರಡರ ನಡುವಿನ ಅಂತರ, ನಾವು ಶಾಲೆಯಲ್ಲಿ ಓದುವ ಸನ್ನೆಯ ತೋಳಿನಂತೆ. ಅದು ಉದ್ದವಾದಷ್ಟೂ ಮೈಯನ್ನು ವಾಲಿಸುವ ಬಲ ಹೆಚ್ಚು. ರೋಲ್ ಸೆಂಟರ್ ಎಲ್ಲಿರಬೇಕೆಂಬುದನ್ನು ಸ್ಟ್ರಟ್ ಮತ್ತು ಲೋವರ್ ಆರ್ಮ್‌ಗಳ ಓರೆ ನಿರ್ಧರಿಸುತ್ತದೆ.

ಈ ಸರಳತೆಗೆ ಒಂದು ಕೊರತೆಯೂ ಉಂಟು. ಮೈ ವಾಲಿದಾಗ ಹೊರಬದಿಯ ಚಕ್ರವೂ ಅದರೊಂದಿಗೆ ಹೊರಕ್ಕೆ ವಾಲುತ್ತದೆ. ಟೈರಿನ ಅಂಚಿನ ಮೇಲೆ ಭಾರ ಬೀಳುತ್ತದೆ. ಇನ್ನೊಂದು ಮಾತು. ಅಂದಕ್ಕೆಂದು ಸ್ಪ್ರಿಂಗ್ ಕತ್ತರಿಸಿ ಕಾರನ್ನು ತಗ್ಗಿಸುವ ಯುವಕರಿದ್ದಾರೆ. ಹಾಗೆ ಮಾಡಿದರೆ ಗುರುತ್ವ ಕೇಂದ್ರ ಇಳಿಯುವುದು ನಿಜ. ಆದರೆ ಲೋವರ್ ಆರ್ಮ್‌ನ ಓರೆ ಬದಲಾಗಿ ರೋಲ್ ಸೆಂಟರ್ ಅದಕ್ಕಿಂತಲೂ ಹೆಚ್ಚು ಇಳಿಯುತ್ತದೆ. ಸನ್ನೆಯ ತೋಳು ಉದ್ದವಾಗುತ್ತದೆ. ಕಣ್ಣಿಗೆ ಭದ್ರವಾಗಿ ಕಂಡದ್ದು ತಿರುವಿನಲ್ಲಿ ಜೀವಕ್ಕೆ ಕುತ್ತಾಗಬಹುದು.

ನಮ್ಮ ಮಕ್ಕಳಲ್ಲಿ ಅನೇಕರು ಶಾಲೆ ಬಿಟ್ಟು ಗ್ಯಾರೇಜು ಸೇರುತ್ತಾರೆ. ಅವರ ಕೈಗಳಿಗೆ ಕಸುಬು ಗೊತ್ತು. ಅದರ ಹಿಂದಿರುವ ರೇಖಾಗಣಿತವೂ ಗೊತ್ತಾದರೆ ಅವರು ಬೇರೊಬ್ಬರು ಮಾಡಿದ್ದನ್ನು ಜೋಡಿಸುವುದಷ್ಟಕ್ಕೇ ನಿಲ್ಲಲಾರರು. ಮ್ಯಾಕ್‌ಫರ್ಸನ್ ಅವರ ಬದುಕು ಈ ದಾರಿ ತೋರಿಸುತ್ತದೆ. ಓದನ್ನು ನಡುವೆ ಬಿಡಬೇಡಿ.