ಎರಡೇ ಸೊಳ್ಳೆ, ಒಂದು ಲೇಖನ: ರೊನಾಲ್ಡ್ ರಾಸ್ ಬದುಕಿನಿಂದ ಫಾರ್ವರ್ಡ್ ಮಾಡುವವರಿಗೊಂದು ಪಾಠ

ದೊಡ್ಡ ಮೆಡಿಕಲ್ ಜರ್ನಲ್‌ನಲ್ಲಿ ಬಂದಿದೆ, ಹಾಗಾಗಿ ಇದು ಸಾಬೀತಾಗಿದೆ ಎನ್ನುವ ಫಾರ್ವರ್ಡ್‌ಗಳು ಸಿಂಧನೂರು, ಲಿಂಗಸುಗೂರು, ಮಸ್ಕಿಯ ವಾಟ್ಸ್ಆಪ್ ಗ್ರೂಪ್‌ಗಳಿಗೂ ಬರುತ್ತವೆ. ಜರ್ನಲ್‌ನಲ್ಲಿ ಬಂದ ಮಾತ್ರಕ್ಕೆ ವಿಷಯ ಇತ್ಯರ್ಥವಾಯಿತೇ? ಮಲೇರಿಯಾದ ಗುಟ್ಟು ಬಿಡಿಸಿದ ರೊನಾಲ್ಡ್ ರಾಸ್ ಅವರ ಕಥೆ ನೋಡೋಣ.

ಯಾರು ಈ ರಾಸ್?

1857ರಲ್ಲಿ ಅಲ್ಮೋರಾದಲ್ಲಿ ಹುಟ್ಟಿದ ರಾಸ್‌ಗೆ ಕವಿತೆ, ಸಂಗೀತದ ಹುಚ್ಚು. ಸೇನಾಧಿಕಾರಿಯಾಗಿದ್ದ ತಂದೆಯ ಒತ್ತಾಯಕ್ಕೆ ವೈದ್ಯರಾದರು. 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿದರು. 1883ರಲ್ಲಿ ಬೆಂಗಳೂರಿನಲ್ಲಿದ್ದಾಗ, ನಿಂತ ನೀರು ಚೆಲ್ಲಿದರೆ ಸೊಳ್ಳೆ ಕಡಿಮೆಯಾಗುವುದನ್ನು ಗಮನಿಸಿದರು.

ಕೆಟ್ಟ ಗಾಳಿಯಿಂದ ಮಲೇರಿಯಾ ಬರುತ್ತದೆ ಎಂದೇ ಬಹಳ ಜನ ನಂಬಿದ್ದ ಕಾಲವದು. ರೋಗಿಯ ರಕ್ತದಲ್ಲಿ ಪರಾವಲಂಬಿ ಜೀವಿ ಇರುವುದನ್ನು 1880ರಲ್ಲೇ ಲ್ಯಾವೆರಾನ್ ಕಂಡಿದ್ದರೂ, ಅದು ಒಬ್ಬರಿಂದ ಒಬ್ಬರಿಗೆ ಹೇಗೆ ದಾಟುತ್ತದೆ ಎಂಬುದು ಗೊತ್ತಿರಲಿಲ್ಲ. ಸೊಳ್ಳೆಯ ಪಾತ್ರವಿರಬಹುದು ಎಂಬ ಊಹೆಯನ್ನು ರಾಸ್‌ಗೆ ಕೊಟ್ಟವರು ಲಂಡನ್ನಿನ ವೈದ್ಯ ಪ್ಯಾಟ್ರಿಕ್ ಮ್ಯಾನ್ಸನ್.

ಸಿಕಂದರಾಬಾದಿನ ಆ ದಿನ

ನಮ್ಮ ಈ ಮೂರೂ ಊರುಗಳು ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಅದೇ ಸಂಸ್ಥಾನದ ಸಿಕಂದರಾಬಾದಿನಲ್ಲಿ ರಾಸ್ ಸೊಳ್ಳೆಗಳನ್ನು ಸೀಳಿ ನೋಡುತ್ತಿದ್ದರು. ಬೆವರಿಗೆ ಮೈಕ್ರೋಸ್ಕೋಪಿನ ಸ್ಕ್ರೂಗಳು ತುಕ್ಕು ಹಿಡಿದಿದ್ದವು. 1897ರ ಆಗಸ್ಟ್ 20ರಂದು, ಮಲೇರಿಯಾ ರೋಗಿಯ ರಕ್ತ ಹೀರಿದ್ದ ಸೊಳ್ಳೆಯ ಹೊಟ್ಟೆಯಲ್ಲಿ ವಿಚಿತ್ರ ಕೋಶಗಳು ಕಂಡವು.

ಡಿಸೆಂಬರ್ 18ರಂದು ಬ್ರಿಟಿಷ್ ಮೆಡಿಕಲ್ ಜರ್ನಲ್ ಇದನ್ನು ಪ್ರಕಟಿಸಿತು. ತಾವು ನೋಡಿದ್ದು ಎರಡೇ ಸೊಳ್ಳೆಗಳಲ್ಲಿ ಎಂದು ರಾಸ್ ಶೀರ್ಷಿಕೆಯಲ್ಲೇ ಹೇಳಿದ್ದರು! ರೋಗ ಹರಡುವ ದಾರಿ ಇನ್ನೂ ಸಾಬೀತಾಗಿರಲಿಲ್ಲ. 1898ರಲ್ಲಿ ಕಲ್ಕತ್ತಾದಲ್ಲಿ ಅವರು ಹಕ್ಕಿಗಳ ಮಲೇರಿಯಾ ಸೊಳ್ಳೆಯಿಂದ ಹರಡುವುದನ್ನು ತೋರಿಸಿದರು. ಮನುಷ್ಯರ ಮಲೇರಿಯಾ ಅನಾಫಿಲಿಸ್ ಸೊಳ್ಳೆಯಿಂದ ಹರಡುತ್ತದೆ ಎಂದು ಅದೇ ವರ್ಷ ಇಟಲಿಯ ಗ್ರಾಸ್ಸಿ ತಂಡ ತೋರಿಸಿತು. 1902ರಲ್ಲಿ ರಾಸ್‌ಗೆ ನೊಬೆಲ್ ಬಂತು. 1932ರಲ್ಲಿ ಅವರು ತೀರಿಕೊಂಡರು.

ಇಂಪ್ಯಾಕ್ಟ್ ಫ್ಯಾಕ್ಟರ್ ಏನು ಹೇಳುತ್ತದೆ?

ರಾಸ್ ಕಾಲದಲ್ಲಿ ಈ ಅಂಕಿ ಇರಲಿಲ್ಲ. ಇದರ ಯೋಚನೆಯನ್ನು 1955ರಲ್ಲಿ ಮುಂದಿಟ್ಟವರು ಯೂಜೀನ್ ಗಾರ್ಫೀಲ್ಡ್. ಜರ್ನಲ್‌ನ ಹಿಂದಿನ ಎರಡು ವರ್ಷಗಳ ಲೇಖನಗಳನ್ನು ಈ ವರ್ಷ ಸಂಶೋಧಕರು ಸರಾಸರಿ ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂಬ ಲೆಕ್ಕ ಅದು. ತರಗತಿಯ ಸರಾಸರಿ ಅಂಕ ಚೆನ್ನಾಗಿದೆ ಎಂದರೆ ಪ್ರತಿ ಮಗುವೂ ಪಾಸ್ ಎಂದಲ್ಲವಲ್ಲ! ಹೆಸರಾಂತ ಲ್ಯಾನ್ಸೆಟ್ 1998ರಲ್ಲಿ, ಬರೀ 12 ಮಕ್ಕಳನ್ನು ನೋಡಿ ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸಿದ ಲೇಖನ ಪ್ರಕಟಿಸಿ, 2010ರಲ್ಲಿ ಹಿಂಪಡೆಯಿತು. ಅಷ್ಟರಲ್ಲಿ ಎಷ್ಟೋ ಪೋಷಕರು ಮಕ್ಕಳಿಗೆ ಲಸಿಕೆ ಹಾಕಿಸಲು ಹಿಂಜರಿದಿದ್ದರು.

ಫಾರ್ವರ್ಡ್ ಮಾಡುವ ಮುನ್ನ

ಮೂರು ಪ್ರಶ್ನೆ ಕೇಳಿ. ಅಧ್ಯಯನ ನಡೆದದ್ದು ಎಷ್ಟು ಜನರ ಮೇಲೆ? ಬೇರೆಯವರೂ ಅದನ್ನೇ ಕಂಡರೇ? ಲೇಖನವನ್ನು ಹಿಂಪಡೆದಿದ್ದಾರೆಯೇ?

ಮೂರಕ್ಕೂ ಉತ್ತರ ಸಿಗುವವರೆಗೆ ಸಂದೇಶ ನಿಮ್ಮಲ್ಲೇ ಇರಲಿ. ಮನೆ ಸುತ್ತ ನಿಂತ ನೀರು ಮಾತ್ರ ಇಂದೇ ಚೆಲ್ಲಿಬಿಡಿ. ಆ ಮಾತು ಎಲ್ಲ ಪರೀಕ್ಷೆಯನ್ನೂ ಪಾಸಾಗಿದೆ.